ಕಪ್ಪತಗುಡ್ಡಕ್ಕೆ ಡಂಬಳ–ಡೋಣಿ ದಾರಿ: ವಾಪಸ್ ಬಸ್ಸಿನಿಂದ ಲೆಕ್ಕ ಶುರು ಮಾಡಿ

ಶ್ರಾವಣ ಬಂತೆಂದರೆ ಭಾನುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಆ ಕಡೆ ಹುಬ್ಬಳ್ಳಿಯ ನೆಂಟರೋ ಧಾರವಾಡದ ಗೆಳೆಯರೋ ಇರುತ್ತಾರೆ. “ಡಂಬಳದಾಗ ಅದೀವಿ ನೋಡು. ಗುಡಿ ನೋಡಿದ್ವಿ, ಊಟ ಆತು. ಈಗ ಗುಡ್ಡಕ್ಕ ಹೋಗಬಹುದಾ?” ಗದಗಿನಲ್ಲಿ ಮನೆ ಮಾಡಿಕೊಂಡಿರುವ ತಪ್ಪಿಗೆ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತೇನೆ: ಹೋಗಬಹುದು, ಆದರೆ ಕತ್ತಲಾಗುವುದರೊಳಗೆ ಇಳಿಯುವುದಾಗಲಿ, ಬಸ್ಸು ಸಿಗುವುದಾಗಲಿ ನಿಮ್ಮ ಕೈಯಲ್ಲಿಲ್ಲ.

ಇವರೆಲ್ಲ ಎಡವುವುದು ಒಂದೇ ಜಾಗದಲ್ಲಿ. ದಾರಿಯಲ್ಲಿ ಊರು ಮೊದಲು ಸಿಗುತ್ತದೆ, ಗುಡ್ಡ ಆಮೇಲೆ. ಅದೇ ಕ್ರಮದಲ್ಲಿ ನೋಡುತ್ತ ಹೋಗುತ್ತಾರೆ. ಮಾಡಬೇಕಾದದ್ದು ತಿರುವುಮುರುವು. ಗುಡ್ಡವನ್ನು ಬೆಳಿಗ್ಗೆಯೇ ಮುಗಿಸಿ, ಇಳಿದು ಬರುವಾಗ ಡಂಬಳ ನೋಡಬೇಕು. ಅದಕ್ಕೂ ಮುಂಚೆ, ಹಿಂದಿನ ವಾರವೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿವೆ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಓದಿ.

ಹಂತ 1: ತಿಂಗಳು ಮತ್ತು ವಾರ ಗೊತ್ತು ಮಾಡಿಕೊಳ್ಳಿ

ಹುಬ್ಬಳ್ಳಿ-ಧಾರವಾಡದವರ ತಲೆಯಲ್ಲಿ ಗುಡ್ಡ ಅಂದರೆ ದಾಂಡೇಲಿ, ಯಲ್ಲಾಪುರ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲ ಹಸಿರು ಎನ್ನುವ ಲೆಕ್ಕ. ಕಪ್ಪತಗುಡ್ಡ ಆ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಮಳೆ ನೆರಳಿನ ಬಯಲುಸೀಮೆ. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಚಿಲ್ಲರೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೀಗಾಗಿ ಜೂನ್ ಕೊನೆಗೆ ಬಂದವರಿಗೆ ಅರ್ಧ ಕಂದು, ಅರ್ಧ ಹಸಿರು ಗುಡ್ಡ ಕಂಡು ಸಪ್ಪೆಯಾಗುತ್ತದೆ. ಆಗಸ್ಟ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಬಂದರೆ ಮೋಸವಿಲ್ಲ.

ಡಿಸೆಂಬರ್‌, ಜನವರಿಯಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನಡೆಯುವುದಕ್ಕೆ ಆ ಹೊತ್ತೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ, ಹಸಿರಿನ ಹುಚ್ಚಿರುವವರು ಒಪ್ಪುವುದಿಲ್ಲ. ಫೆಬ್ರವರಿಯಿಂದ ಮೇ ತನಕ ಮಾತ್ರ ಬರಲೇಬೇಡಿ. ಆಳೆತ್ತರದ ಬಾದಿ ಹುಲ್ಲು ಕಡ್ಡಿಯಂತೆ ಒಣಗಿರುತ್ತದೆ. ಪ್ರತಿ ಬೇಸಿಗೆಯಲ್ಲೂ ಬೆಂಕಿಯ ಭಯ ಇದ್ದದ್ದೇ, ಗಾಳಿ ಬೇರೆ ಜೋರು. ಅರಣ್ಯ ಸಿಬ್ಬಂದಿ ಬೆಂಕಿಯ ಹಿಂದೆ ಓಡಾಡುವ ಕಾಲದಲ್ಲಿ ನಾವು ಹೋಗಿ ಅವರ ಕಾಲಿಗೆ ಅಡ್ಡ ಸಿಗಬಾರದು.

ಇನ್ನು ವಾರ. ಶ್ರಾವಣ ಸೋಮವಾರಗಳಂದು ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ಜನ ಕಿಕ್ಕಿರಿಯುತ್ತಾರೆ. ದರ್ಶನಕ್ಕೇ ಬರುವವರಿಗೆ ಅದೇ ಸರಿಯಾದ ದಿನ. ಗುಡ್ಡ ನೋಡಲು ಬರುವವರಿಗೆ ಅಲ್ಲ. ಇಕ್ಕಟ್ಟಾದ ಏರುದಾರಿಯಲ್ಲಿ ವಾಹನಗಳು ಎದುರಾಬದರು ಸಿಕ್ಕಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ರಜೆ ಹಾಕಿ.

ಹಂತ 2: ಅನುಮತಿಯ ವಿಷಯ ಗದಗಿನಲ್ಲೇ ಕೇಳಿ

ಹೆಚ್ಚಿನವರು ಬಿಟ್ಟೇಬಿಡುವ ಹಂತ ಇದು. ಕಪ್ಪತಗುಡ್ಡ ಈಗ ಬರೀ ಗುಡ್ಡವಲ್ಲ, 2019ರಿಂದ ವನ್ಯಜೀವಿಧಾಮ. ಸುಮಾರು 244 ಚದರ ಕಿ.ಮೀ. ಪ್ರದೇಶ ಅದರೊಳಗೆ ಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಾರಣ್ಯದ ಒಳಗೆ ಪ್ರವಾಸ, ಫೋಟೋ, ಸಂಶೋಧನೆ ಯಾವುದಕ್ಕೇ ಹೋದರೂ ಅನುಮತಿ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಸಾಗಿಹೋಗುವುದು ಬೇರೆ, ರಸ್ತೆ ಬಿಟ್ಟು ಕಾಡಿಗೆ ಕಾಲಿಡುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸಿಕ್ಕಿಹಾಕಿಕೊಂಡವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ.

ಹೊರಡುವ ನಾಲ್ಕೈದು ದಿನ ಮೊದಲು, ಕೆಲಸದ ದಿನ ನೋಡಿಕೊಂಡು ಗದಗ ಅರಣ್ಯ ವಿಭಾಗದ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿ. ಕಪ್ಪತ ಮಲ್ಲೇಶ್ವರ ಗುಡಿ ಮತ್ತು ನಂದಿವೇರಿ ಮಠದವರೆಗೆ ಮಾತ್ರ ಹೋಗುವವರಿಗೆ ಏನು ನಿಯಮ? ಗುಡ್ಡದ ಮೇಲೆ ಜೋರು ಗಾಳಿ ಬೀಸುವ ಗಾಳಿಗುಂಡಿಯ ಕಡೆ ನಡೆದು ಹೋಗುವುದಾದರೆ ಏನು? ಸಂಜೆ ಎಷ್ಟು ಗಂಟೆಯೊಳಗೆ ಕೆಳಗಿಳಿದಿರಬೇಕು? ಕೊನೆಯ ಉತ್ತರವನ್ನು ಬರೆದಿಟ್ಟುಕೊಳ್ಳಿ, ಹಂತ 3ರಲ್ಲಿ ಬೇಕಾಗುತ್ತದೆ. ಚಾರಣಕ್ಕೆ ಹೊರಟ ಗುಂಪಾದರೆ ಎಲ್ಲರ ಹೆಸರು, ಗುರುತಿನ ಚೀಟಿಯ ಪ್ರತಿ, ವಾಹನದ ನಂಬರು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡ್ರೋನ್ ಹಾರಿಸುವ ಆಸೆ ಇದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಸಿಗಲಿಲ್ಲವೆಂದರೆ ಮನೆಯಲ್ಲೇ ಬಿಟ್ಟು ಬನ್ನಿ.

ತಪ್ಪು ಎಲ್ಲಾಗುತ್ತದೆ? “ನಮ್ಮ ಮಾವ ಹೋದ ವರ್ಷ ಹಂಗೇ ಹೋಗಿ ಬಂದಾನ, ಯಾರೂ ಕೇಳಿಲ್ಲ” ಎನ್ನುವ ಮಾತು ನಂಬುವುದರಲ್ಲಿ. ನಿಮ್ಮನ್ನು ಕೇಳುವ ಹೊತ್ತಿಗೆ ಮಾವ ಅಲ್ಲಿರುವುದಿಲ್ಲ.

ಹಂತ 3: ವಾಪಸ್ ಬಸ್ಸಿನಿಂದ ಹಿಂದಕ್ಕೆ ಎಣಿಸಿ

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಗದಗದಿಂದ ಡಂಬಳ 20 ಕಿ.ಮೀ. ಆಸುಪಾಸು, ಮುಂಡರಗಿ ದಾರಿಯಲ್ಲಿ. ಡೋಣಿ ಗುಡ್ಡದ ಬುಡದ ಹಳ್ಳಿ. ಕಾಗದದ ಮೇಲೆ ಎಲ್ಲ ಹತ್ತಿರವೇ. ಹುಬ್ಬಳ್ಳಿ–ಗದಗ ನಡುವೆ ಬಸ್ಸು, ರೈಲು ಎರಡಕ್ಕೂ ಬರವಿಲ್ಲ. ಗದಗ–ಮುಂಡರಗಿ ಬಸ್ಸುಗಳೂ ಬೇಕಾದಷ್ಟಿವೆ. ತೊಂದರೆ ಇರುವುದು ಕೊನೆಯ ತುಂಡಿನಲ್ಲಿ, ಅಂದರೆ ಡೋಣಿಯಿಂದ ಹೊರಬೀಳುವುದರಲ್ಲಿ. ಹಳ್ಳಿ ಬಸ್ಸಿಗೆ ಅದರದೇ ಹೊತ್ತು ಇರುತ್ತದೆ, ಹಬ್ಬ, ಜಾತ್ರೆ, ಶಾಲೆ ರಜೆ ಬಂದರೆ ಅದೂ ಬದಲು.

ಆದ್ದರಿಂದ ಲೆಕ್ಕ ಹೀಗೆ ಹಾಕಿ. ಗದಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಡೋಣಿಯಿಂದ ಸಂಜೆ ಹೊರಡುವ ಕೊನೆಯ ಎರಡು ಬಸ್ಸುಗಳ ಹೊತ್ತು ಕೇಳಿ. ಕಡೆಯದನ್ನು ಮರೆತುಬಿಡಿ, ಅದರ ಹಿಂದಿನ ಬಸ್ಸೇ ನಿಮ್ಮದು. ಆ ಹೊತ್ತಿನಿಂದ (ಅರಣ್ಯ ಕಚೇರಿಯವರು ಹೇಳಿದ ಹೊತ್ತು ಅದಕ್ಕೂ ಮುಂಚೆ ಇದ್ದರೆ ಅಲ್ಲಿಂದ) ಹಿಂದಕ್ಕೆ ಬನ್ನಿ: ಡೋಣಿಯಲ್ಲಿ ಚಹಾ ಕುಡಿದು ಕಾಯಲು ಅರ್ಧ ತಾಸು, ಇಳಿಯಲು ಬೇಕಾದ ಹೊತ್ತು, ಮೇಲೆ ಕೂತು ಊಟ ಮಾಡಲು ಒಂದು ತಾಸು, ಹತ್ತಲು ಬೇಕಾದ ಹೊತ್ತು. ಡಂಬಳ ನೋಡಲೇಬೇಕೆಂದರೆ ಅದಕ್ಕೊಂದು ಎರಡು ತಾಸು ಸೇರಿಸಿ. ಹೀಗೆ ಹಿಂದೆ ಹಿಂದೆ ಬಂದಾಗ ಹುಬ್ಬಳ್ಳಿ ಬಿಡುವ ಹೊತ್ತು ಬೆಳಗಿನ ಐದೂವರೆ, ಆರರ ಸುಮಾರಿಗೆ ಬಂದು ನಿಲ್ಲುತ್ತದೆ. ಎಂಟಕ್ಕೆ ಎದ್ದು ಗಿರ್ಮಿಟ್ ತಿಂದು ಹೊರಡುವ ಲೆಕ್ಕ ಎಲ್ಲಿ ಕೆಡುತ್ತದೆಂದು ಈಗ ಕಾಣುತ್ತದಲ್ಲ.

ಬಸ್ಸಿನ ಜೊತೆಗೆ ಮೂರು ಗಾಲಿಯ ಟಂಟಂ ಇದೆ. ಡಂಬಳದಿಂದ ಡೋಣಿಗೆ ಟಂಟಂ ಗೊತ್ತು ಮಾಡುವವರು ಹೋಗುವುದಕ್ಕಷ್ಟೇ ಚೌಕಾಸಿ ಮಾಡಿ ಇಳಿದುಬಿಡುತ್ತಾರೆ. ಹೋಗಿ ಬರುವ ಎರಡಕ್ಕೂ ಸೇರಿಸಿ ಮಾತಾಡಿ, ಅರ್ಧ ಮಾತ್ರ ಮೊದಲು ಕೊಡಿ, ಚಾಲಕರ ನಂಬರು ಇಬ್ಬರ ಫೋನಿನಲ್ಲಿ ಇರಲಿ. ಮೇಲೆ ಸಿಗ್ನಲ್ ಬರುವ ಭರವಸೆ ಇಲ್ಲದ್ದರಿಂದ ಕರೆದೊಯ್ಯಲು ಬರಬೇಕಾದ ಗಂಟೆಯನ್ನು ಬೆಳಿಗ್ಗೆಯೇ ಬಾಯಿಬಿಟ್ಟು ಹೇಳಿ. ಮನೆಯ ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಬರುವುದಾದರೆ ಆಧಾರ್ ಕಾರ್ಡ್ ಅವರವರ ಕೈಯಲ್ಲೇ ಇರಲಿ. ಎಲ್ಲರದೂ ಒಬ್ಬರ ವ್ಯಾನಿಟಿ ಬ್ಯಾಗಿನಲ್ಲಿ, ಆ ಬ್ಯಾಗು ಸೀಟಿನ ಮೇಲಿನ ಗಂಟುಗಳ ನಡುವೆ ಎಲ್ಲೋ, ಕಂಡಕ್ಟರು ಮುಂದೆ ನಿಂತಿರುವುದು, ಇದನ್ನು ಎಷ್ಟು ಸಲ ನೋಡಿದ್ದೇನೋ.

ಹಂತ 4: ಸ್ವಂತ ಗಾಡಿಯವರಿಗೆ ಎರಡು ಎಚ್ಚರಿಕೆ

ಮ್ಯಾಪಿನಲ್ಲಿ ಕಪ್ಪತಗುಡ್ಡ ಎಂದು ಹಾಕಬೇಡಿ. ಗುಡ್ಡದ ಸಾಲು ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕುಗಳಿಗೆ ಚಾಚಿಕೊಂಡಿದೆ. ಗುರುತು ಎಲ್ಲಿ ಬಿದ್ದರೂ ಅದು ಕಪ್ಪತಗುಡ್ಡವೇ. ಡಂಬಳ ಕಡೆಯಿಂದ ಹೊರಟವರನ್ನು ಅದು ಆಚೆ ಬದಿಗೆ, ಕಡಕೋಳದ ಕಡೆಗೆ ಎಳೆದರೂ ಎಳೆದೀತು. ಮೊದಲು ಡಂಬಳ, ಆಮೇಲೆ ಡೋಣಿ ಎಂದು ಎರಡು ತುಂಡು ಮಾಡಿ ದಾರಿ ಹಾಕಿ. ಡೋಣಿ ದಾಟಿದ ಮೇಲೆ ಫೋನು ಜೇಬಿಗಿಟ್ಟು ಊರವರನ್ನೇ ಕೇಳಿ. ಗಾಳಿಯಂತ್ರಗಳಿಗಾಗಿ ಮಾಡಿದ ಮಣ್ಣಿನ ದಾರಿಗಳು ಅಲ್ಲಲ್ಲಿ ಕವಲೊಡೆದಿವೆ, ಅವು ನಿಮ್ಮನ್ನು ಒಯ್ಯುವುದು ಫ್ಯಾನಿನ ಬುಡಕ್ಕೇ ಹೊರತು ಗುಡಿಗಲ್ಲ.

ಎರಡನೆಯದು ಎರೆಮಣ್ಣು. ಗುಡ್ಡ ಕೆಂಪು, ಅದರ ಬುಡದ ಹೊಲ ಕಪ್ಪು. ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಬಿಸಿಲು ಬಂದಿದ್ದರೆ ಎರೆ ನೆಲ ಮೇಲಷ್ಟೇ ಒಣಗಿದಂತೆ ಕಾಣುತ್ತದೆ. ಕೆಳಗೆ ಬೆಣ್ಣೆ. ಒಮ್ಮೆ ಅಕ್ಟೋಬರ್‌ನಲ್ಲಿ ದನ ಅಡ್ಡ ಬಂದವೆಂದು ನಾನೇ ಕಾರನ್ನು ರಸ್ತೆಯಿಂದ ಎರಡು ಅಡಿ ಪಕ್ಕಕ್ಕೆ ತೆಗೆದೆ. ದನ ಹೋದವು, ಕಾರು ಉಳಿಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇಳಿಯುತ್ತ ಹೋಯಿತು. ಹೊಲದಲ್ಲಿದ್ದ ಅಜ್ಜ ಒಬ್ಬರು ಬಂದು, “ತಮ್ಮಾ, ಅದನ್ನ ತಿರುವಬ್ಯಾಡ, ಇನ್ನಷ್ಟು ಹೂಳ್ತತಿ. ಟ್ರ್ಯಾಕ್ಟರ್ ಬರೂ ತನಕ ಸುಮ್ಕ ಕುಂದ್ರು” ಎಂದರು. ಕೂತೆ. ಟ್ರ್ಯಾಕ್ಟರ್ ಬಂದದ್ದು ಎರಡು ತಾಸಿನ ಮೇಲೆ, ಗುಡ್ಡ ಅವತ್ತು ದೂರದಿಂದಲೇ ಆಯಿತು. ಅಂದಿನಿಂದ ಡಿಕ್ಕಿಯಲ್ಲಿ ಗಟ್ಟಿ ಹಗ್ಗ, ಹಳೆಯ ಎರಡು ಗೋಣಿಚೀಲ, ಒಂದು ಸಣ್ಣ ಸಲಿಕೆ ಇರುತ್ತವೆ. ಚಕ್ರ ಕುಸಿದರೆ ಎಂಜಿನ್ ನಿಲ್ಲಿಸಿ, ಚಕ್ರದ ಮುಂದಿನ ಮಣ್ಣು ತೋಡಿ, ಗೋಣಿಚೀಲ ಹಾಸಿ, ನಿಧಾನಕ್ಕೆ ಹೊರಡಿ. ಎಲ್ಲಕ್ಕಿಂತ ಸುಲಭ, ಡಾಂಬರು ಬಿಟ್ಟು ಇಳಿಯದಿರುವುದು.

ಹಂತ 5: ಚೀಲದಲ್ಲಿ ಏನಿರಬೇಕು

ನೀರು ಮೊದಲು. ನಡೆಯುವವರಿಗೆ ತಲೆಗೆ ಮೂರು ಲೀಟರ್. ಮೇಲೆ ಅಂಗಡಿ ಸಿಗುತ್ತದೆ ಎಂದು ಎರಡು ಬಾಟಲಿ ಹಿಡಿದು ಬರುವವರು ಮಧ್ಯಾಹ್ನಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಳ್ಳದ ನೀರು ನೋಡಲು ತಿಳಿಯಾಗಿದ್ದರೂ ಕುಡಿಯಬೇಡಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು. ಅನ್ನದ ಪದಾರ್ಥ ಬಿಸಿಲಿಗೆ ಹಳಸುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಿಪ್ಸಿನ ಪೊಟ್ಟಣ ತರಲೇಬೇಡಿ. ಡಬ್ಬಿಯಲ್ಲಿ ತಂದದ್ದು ಡಬ್ಬಿಯಲ್ಲೇ ವಾಪಸ್ ಹೋಗಲಿ. ಕೈಯಲ್ಲಿ ತಿಂಡಿ ಹಿಡಿದು ಓಡಾಡಿದರೆ ಮಂಗಗಳು ಬಿಡುವುದಿಲ್ಲ. ಮಂಗ ಚೀಲ ಹಿಡಿದರೆ ಎಳೆದಾಡದೆ ಬಿಟ್ಟುಬಿಡಿ.

ಬೂಟು ಹಿಡಿತ ಇರುವಂಥದ್ದು ಬೇಕು. ಗುಡ್ಡದ ಕೆಂಪು ನೆಲದ ಮೇಲೆ ಸಣ್ಣ ಹರಳುಕಲ್ಲು ಉದುರಿರುತ್ತವೆ, ಇಳಿಯುವಾಗ ಗೋಲಿಗಳ ಮೇಲೆ ಕಾಲಿಟ್ಟಂತೆ. ಚಪ್ಪಲಿ ಹಾಕಿ ಬಂದವರು ಹತ್ತುವಾಗ ನಗುತ್ತಿರುತ್ತಾರೆ, ಇಳಿಯುವಾಗ ಕುಂಡಿ ಊರಿ ಬರುತ್ತಾರೆ. ಕಣಕಾಲು ಮುಚ್ಚುವ ಪ್ಯಾಂಟು, ಉದ್ದ ತೋಳಿನ ಅಂಗಿ ಇರಲಿ. ಟೋಪಿಗೆ ದಾರ ಕಟ್ಟಿ. ಗಾಳಿಗುಂಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕೊಡೆ ಅಲ್ಲಿ ಉಲ್ಟಾ ಆಗುವುದಕ್ಕಷ್ಟೇ ಉಪಯೋಗ, ಮಳೆ ಕೋಟು ತನ್ನಿ.

ಬ್ಯಾಟರಿ, ಸೀಟಿ, ಓಆರ್‌ಎಸ್ ಪುಡಿ, ಬ್ಯಾಂಡೇಜ್ ಬಟ್ಟೆ. ಬೆಂಕಿಪೊಟ್ಟಣ ಮಾತ್ರ ಬೇಡ.

ಹಂತ 6: ಡೋಣಿಯಲ್ಲಿ ಹತ್ತು ನಿಮಿಷ

ಇಳಿದ ಕೂಡಲೇ ಗುಡ್ಡದ ಕಡೆ ನುಗ್ಗಬೇಡಿ. ಚಹಾದಂಗಡಿಯಲ್ಲಿ ನಿಂತು ಎರಡು ಮಾತು ಕೇಳಿ: ಇತ್ತೀಚೆಗೆ ಮಳೆ ಯಾವಾಗ ಆಗಿದೆ, ಚಿರತೆ ಎಲ್ಲಾದರೂ ಕಂಡಿದೆಯೇ. ಗುಡ್ಡದಲ್ಲಿ ಚಿರತೆ, ತೋಳ, ಕತ್ತೆಕಿರುಬ ಇವೆ. ಹಗಲು ಹೊತ್ತು ಗುಂಪಾಗಿ ದಾರಿ ಹಿಡಿದು ಹೋಗುವವರ ತಂಟೆಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಕುರಿ ಕಾಯುವವರು “ಆ ಕಡೆ ಬ್ಯಾಡ್ರಿ” ಅಂದರೆ ಆ ಕಡೆ ಬೇಡ, ಕಾರಣ ಕೇಳುತ್ತ ನಿಲ್ಲಬೇಡಿ.

ಅರಣ್ಯ ಸಿಬ್ಬಂದಿ ಸಿಕ್ಕಲ್ಲಿ ಅನುಮತಿ ತೋರಿಸಿ, ಎಷ್ಟು ಜನ, ಎಷ್ಟಕ್ಕೆ ಇಳಿಯುತ್ತೀರಿ ಎಂದು ನೀವೇ ಹೇಳಿ. ಮನೆಗೆ ಒಂದು ಮೆಸೇಜ್ ಕಳಿಸಿ. ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಅರಣ್ಯ ಇಲಾಖೆಯ 1926ಕ್ಕೋ 112ಕ್ಕೋ ಹೇಳಬೇಕೆಂದು ಅದರಲ್ಲೇ ಬರೆಯಿರಿ.

ಹಂತ 7: ಮೇಲೆ

ಮೊದಲ ಸಲ ಬರುವವರು ಮಠ, ಗುಡಿ, ಆಮೇಲೆ ಹೊತ್ತಿದ್ದರೆ ಮತ್ತು ಅನುಮತಿ ಇದ್ದರೆ ಗಾಳಿಗುಂಡಿ ಎಂದು ಇಟ್ಟುಕೊಳ್ಳಿ. ನಂದಿವೇರಿ ಮಠ, ಕಪ್ಪತ ಮಲ್ಲೇಶ್ವರ ಎರಡೂ ಪೂಜೆ ನಡೆಯುವ ಜಾಗಗಳು, ಪಿಕ್ನಿಕ್ ಸ್ಪಾಟ್ ಅಲ್ಲ. ಸ್ಪೀಕರ್ ಹಚ್ಚಬೇಡಿ.

ನಡೆಯುವಾಗ ಸಾಲಾಗಿ ನಡೆಯಿರಿ. ಗಟ್ಟಿಗರು ಮುಂದೆ ಓಡುವುದು, ವಯಸ್ಸಾದವರು, ಮಕ್ಕಳು ಹಿಂದೆ ಉಳಿಯುವುದು ನಮ್ಮ ಗುಂಪುಗಳ ಹಳೆಯ ಚಟ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಗಟ್ಟಿಗರಲ್ಲಿ ಒಬ್ಬರು ಕಟ್ಟಕಡೆಗೆ ಬರಲಿ. ಹುಲ್ಲು ಎತ್ತರಕ್ಕಿದ್ದಲ್ಲಿ ಮುಂದಿನವರು ಕೋಲಿನಿಂದ ನೆಲ ತಟ್ಟುತ್ತ ಹೋಗಲಿ, ಹಾವು ತಾನೇ ಸರಿದುಕೊಳ್ಳುತ್ತದೆ. ಬಂಡೆಯ ಸಂದಿಗೆ ಕೈ ಹಾಕಬೇಡಿ. ಮರದಲ್ಲೋ ಬಂಡೆಯ ಅಡಿಯಲ್ಲೋ ಹೆಜ್ಜೇನು ಕಂಡರೆ ಮಾತು ನಿಲ್ಲಿಸಿ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಸೆಂಟು ಹಾಕಿಕೊಂಡು ಬಂದವರು ಮೊದಲು ಸರಿಯಿರಿ.

ಗುಡ್ಡದ ಔಷಧಿ ಗಿಡಗಳ ಹೆಸರು ದೊಡ್ಡದು, ಹಾಗಾಗಿ ತಾಯಂದಿರಿಗೂ ಕಾಕಾಗಳಿಗೂ ಕೈ ತುರಿಸುತ್ತದೆ. “ಒಂದೇ ಬೇರು, ಮಂಡಿನೋವಿಗೆ” ಎಂದು ಕಿತ್ತು ಸೆರಗಿಗೆ ಕಟ್ಟಿಕೊಂಡರೆ ಅದು ಅಭಯಾರಣ್ಯದಲ್ಲಿ ಅಪರಾಧ. ಎಲೆ ನೋಡಿ ಇಂಥದ್ದೇ ಗಿಡ ಎಂದು ಹೇಳುವುದು ನುರಿತ ನಾಟಿ ವೈದ್ಯರಿಗೇ ಕಷ್ಟ, ನೀವು ಕಿತ್ತದ್ದು ಯಾವುದೋ. ಬೆಂಕಿ ಹಚ್ಚುವುದು, ಉರಿಯುವ ಬೀಡಿ, ಸಿಗರೇಟು ಬಿಟ್ಟುಹೋಗುವುದಂತೂ ಕಾಯ್ದೆಯಲ್ಲೇ ನಿಷೇಧ. ಚಹಾ ಬೇಕಾದರೆ ಥರ್ಮಾಸ್‌ನಲ್ಲಿ ತನ್ನಿ.

ಹಂತ 8: ಯಾವಾಗ ಇಳಿಯಬೇಕು

ಹಂತ 3ರಲ್ಲಿ ಲೆಕ್ಕ ಹಾಕಿದ ಇಳಿಯುವ ಹೊತ್ತು ಬಂತೆಂದರೆ ಎಲ್ಲಿದ್ದರೂ ತಿರುಗಿ. ತುದಿ ಇನ್ನು ಇಷ್ಟೇ ದೂರ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಹೊತ್ತಾಗುವ ಮೊದಲೇ ಇಳಿಯಬೇಕಾದ ಲಕ್ಷಣಗಳೂ ಇವೆ. ಚಿತ್ತಿ, ಸ್ವಾತಿ ಮಳೆಗಳು ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೇ ಬರುತ್ತವೆ. ಬೆಳಿಗ್ಗೆ ನಿಚ್ಚಳ ಆಕಾಶ, ಒಂದು ಗಂಟೆಗೆ ಹತ್ತಿ ಅರಳೆಯಂಥ ಮೋಡ, ಎರಡಕ್ಕೆ ಅದರ ಬುಡ ಕಪ್ಪು. ಇಷ್ಟು ಹೊತ್ತು ಬೀಸುತ್ತಿದ್ದ ಗಾಳಿ ಗಕ್ಕನೆ ನಿಂತು, ಸೆಕೆಯಾಗಿ, ಆಮೇಲೆ ಒಮ್ಮೆಗೇ ತಣ್ಣನೆಯ ಗಾಳಿ ಬಡಿಯಿತೆಂದರೆ ಮಳೆ ತಲೆಯ ಮೇಲಿದೆ. ಕಪ್ಪತಗುಡ್ಡದ ನೆತ್ತಿ ಬೋಳು. ಸಿಡಿಲಿಗೆ ಅಲ್ಲಿ ನಿಮಗಿಂತ ಎತ್ತರದ್ದು ಗಾಳಿಯಂತ್ರ ಮಾತ್ರ, ಅದರ ಬುಡಕ್ಕೆ ಓಡಿಹೋಗಿ ನಿಲ್ಲುವುದು ದೊಡ್ಡ ತಪ್ಪು. ಒಂಟಿ ಮರದ ಕೆಳಗೂ ಬೇಡ. ನೆತ್ತಿ ಬಿಟ್ಟು ಇಳಿಜಾರಿಗೆ ಬನ್ನಿ, ಕಾರು ಹತ್ತಿರವಿದ್ದರೆ ಕಿಟಕಿ ಏರಿಸಿ ಒಳಗೆ ಕೂತುಬಿಡಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಬರಬೇಡಿ.

ಜೊತೆಯವರ ಮೇಲೂ ಕಣ್ಣಿರಲಿ. ಬೆವರುವುದು ನಿಂತು ಮೈ ಕಾದಿದ್ದರೆ, ಮಾತು ತೊದಲಿದರೆ, ತಲೆನೋವು, ವಾಂತಿ ಬಂದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಕರೆತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಕೂಡಲೇ 108ಕ್ಕೆ ಕರೆ ಮಾಡಿ. ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಹಿಡಿದು, ನಡೆಸದೆ, ಮುಂಡರಗಿ ಅಥವಾ ಗದಗದ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಸಿಗ್ನಲ್ ಎಲ್ಲಿ ಬರುತ್ತದೆಂದು ಹತ್ತುವಾಗಲೇ ಗುರುತು ಮಾಡಿಟ್ಟುಕೊಳ್ಳಿ, ಆ ಹೊತ್ತಿಗೆ ಹುಡುಕುತ್ತ ಕೂರುವುದಾಗುವುದಿಲ್ಲ.

ಹಂತ 9: ಈಗ ಡಂಬಳ

ಗುಡ್ಡ ಮುಗಿಸಿ ಬಂದಾಗ ಮೂರೂವರೆ, ನಾಲ್ಕಾಗಿರುತ್ತದೆ. ದೊಡ್ಡಬಸಪ್ಪ ಗುಡಿಗೆ ಇದೇ ಸರಿಯಾದ ಹೊತ್ತು. ಮಧ್ಯಾಹ್ನ ಬಂದವರು ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದು, ಸೀದಾ ಒಳಗೆ ಹೋಗಿ ನಂದಿಗೆ ಕೈಮುಗಿದು, ಹೊರಗೆ ಬಂದುಬಿಡುತ್ತಾರೆ. ಈ ಗುಡಿಯನ್ನು ಮೊದಲು ಹೊರಗಿನಿಂದ ಸುತ್ತಬೇಕು. ಅದರ ತಳ 24 ಮೊನೆಗಳ ನಕ್ಷತ್ರ. ಗೋಡೆ ಎಲ್ಲೂ ನೇರ ಹೋಗುವುದಿಲ್ಲ, ಸಣ್ಣ ಸಣ್ಣ ಮೂಲೆಗಳಾಗಿ ತಿರುಗುತ್ತ ಹೋಗುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಮೂಲೆಗೂ ಒಂದೊಂದು ನೆರಳು ಬಿದ್ದು ಲೆಕ್ಕ ಸಿಗುತ್ತದೆ. ಮಕ್ಕಳಿದ್ದರೆ ಮೊನೆಗಳನ್ನು ಎಣಿಸಲು ಹಚ್ಚಿ, ಒಬ್ಬೊಬ್ಬರದು ಒಂದೊಂದು ಸಂಖ್ಯೆ ಬರುತ್ತದೆ. ಪಕ್ಕದ ಸೋಮೇಶ್ವರ ಗುಡಿಯನ್ನೂ ನೋಡಿ. ಹೊತ್ತು ಮಿಕ್ಕರೆ ಕೆರೆ ದಂಡೆ.

ಇದೇ ದಿನ ಲಕ್ಕುಂಡಿಯನ್ನೂ ಮಾಗಡಿ ಕೆರೆಯ ಹಕ್ಕಿಗಳನ್ನೂ ಸೇರಿಸುವ ಪಟ್ಟಿ ಮಾಡಿಕೊಂಡು ಬರುವವರಿದ್ದಾರೆ. ಲಕ್ಕುಂಡಿ ಕೊಪ್ಪಳ ರಸ್ತೆಯಲ್ಲಿದೆ, ಮಾಗಡಿ ಶಿರಹಟ್ಟಿ ಕಡೆ, ಎರಡೂ ಬೇರೆ ದಿಕ್ಕು. ಪಟ್ಟೆತಲೆ ಹೆಬ್ಬಾತು ನೋಡಬೇಕೆಂದರೆ ಹೇಗೂ ಚಳಿಗಾಲದಲ್ಲೇ ಬರಬೇಕು, ಅದಕ್ಕೆ ಇನ್ನೊಂದು ಬೆಳಿಗ್ಗೆ ಇಟ್ಟುಕೊಳ್ಳಿ.

ಹಂತ 10: ಬಸ್ಸು ಹತ್ತುವ ಮುಂಚೆ

ಡಂಬಳ ಮುಂಡರಗಿ ಹೆದ್ದಾರಿಯ ಊರಾದ್ದರಿಂದ ಗದಗಿಗೆ ಬಸ್ಸಿನ ಚಿಂತೆಯಿಲ್ಲ. ಮಿರ್ಚಿ ಭಜಿ ತಿನ್ನಲು ಹೊತ್ತಿರುತ್ತದೆ. ಭಜಿ ಕರಿಯುವವರೆಗೆ ಒಂದು ಕೆಲಸ ಮಾಡಿ. ಕಾಲುಚೀಲ ಬಿಚ್ಚಿ ಹುಲ್ಲಿನ ಮುಳ್ಳು ಒಂದೊಂದಾಗಿ ಕೀಳಿ, ಮೊಳಕಾಲಿನ ಹಿಂದೆ, ಸೊಂಟದ ಪಟ್ಟಿಯ ಹತ್ತಿರ ಉಣ್ಣಿ ಹತ್ತಿದೆಯೇ ನೋಡಿ. ಹತ್ತಿದ್ದರೆ ಕಿವುಚಬೇಡಿ, ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಇದನ್ನು ಬಿಟ್ಟು ಹತ್ತಿದರೆ ಹುಬ್ಬಳ್ಳಿಯವರೆಗೆ ಕೆರೆಯುತ್ತ ಕೂರಬೇಕು, ಪಕ್ಕದ ಸೀಟಿನವರು ಬೇರೇನೋ ತಿಳಿದುಕೊಳ್ಳುತ್ತಾರೆ.